ಮರಳಿ ಕೊಂಡ ಡೀಸೆಲ್ ಕಾರುಗಳು: ಒಂದು ಪರಿಹಾರದ ವಿಮರ್ಶೆ

ದೋಷವಿರುವ ವಾಹನವನ್ನು ತಯಾರಕರು ಹಿಂದಕ್ಕೆ ಕರೆಸಿಕೊಳ್ಳುವುದು ಹೊಸ ಸುದ್ದಿಯಲ್ಲ. ಬ್ರೇಕ್ ಸರಿಯಿಲ್ಲ, ಏರ್‌ಬ್ಯಾಗ್ ಸರಿಯಿಲ್ಲ ಎಂಬ ಕಾರಣಕ್ಕೆ ಕಾರುಗಳು ಕಾರ್ಯಾಗಾರಕ್ಕೆ ಬರುತ್ತವೆ, ಬಿಡಿಭಾಗ ಬದಲಾಯಿಸಿಕೊಂಡು ಮನೆಗೆ ಮರಳುತ್ತವೆ. ಆದರೆ ಲಕ್ಷಗಟ್ಟಲೆ ಕಾರುಗಳನ್ನು ತಯಾರಕರೇ ಹಣ ಕೊಟ್ಟು ಮರಳಿ ಕೊಳ್ಳಬೇಕಾಗಿ ಬಂದದ್ದು ಅಪರೂಪದ ಘಟನೆ. ಅಮೆರಿಕದಲ್ಲಿ 2016ರಿಂದ ಮುಂದಕ್ಕೆ ಫೋಕ್ಸ್‌ವ್ಯಾಗನ್ ಸಂಸ್ಥೆ ಹೀಗೆ ಮಾಡಬೇಕಾಯಿತು. ಆ ಸಂಸ್ಥೆಯ ವಂಚನೆಯ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಮರಳಿ ಕೊಂಡ ಕಾರುಗಳು ಮುಂದೇನಾದವು ಎಂಬ ಬಗ್ಗೆ ಬರೆದದ್ದು ಕಡಿಮೆ. ವಂಚನೆಗೆ ವಿಧಿಸಿದ ಪರಿಹಾರವನ್ನು ಒಂದು ಪ್ರಯೋಗವೆಂದು ಭಾವಿಸಿ, ಅದರ ಉದ್ದೇಶ, ವಿಧಾನ, ಫಲಿತಾಂಶಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಂಡವರ ಹಿತ ಕಾಯುವುದರಲ್ಲಿ ಈ ಪರಿಹಾರ ಬಹುಮಟ್ಟಿಗೆ ಗೆದ್ದಿತು. ಉಸಿರಾಡುವವರ ಹಿತ ಕಾಯುವುದರಲ್ಲಿ ಅರ್ಧ ಗೆದ್ದಿತು. ಅರ್ಧ ಮಾತ್ರ ಏಕೆ ಎಂಬುದನ್ನು ತಿಳಿಯಲು ಎಂಜಿನ್ನಿನ ಒಳಗಿನಿಂದಲೇ ಆರಂಭಿಸಬೇಕು.

ಎಂಜಿನ್ನಿನ ಇಕ್ಕಟ್ಟು

ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡುತ್ತಾರೆ. ಆ ಬಿಸಿ ಗಾಳಿಗೆ ಇಂಧನವನ್ನು ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ದಹನಕ್ಕೆ ಬೇಕಾದುದಕ್ಕಿಂತ ಹೆಚ್ಚು ಗಾಳಿ ಅಲ್ಲಿರುತ್ತದೆ. ಜ್ವಾಲೆಯ ಅಧಿಕ ತಾಪದಲ್ಲಿ ಗಾಳಿಯ ನೈಟ್ರೊಜನ್ ಮತ್ತು ಆಕ್ಸಿಜನ್ ಕೂಡಿ ನೈಟ್ರೊಜನ್ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಹಾನಿಕರ. ಜೊತೆಗೆ ಬಿಸಿಲಿನಲ್ಲಿ ಓಝೋನ್ ಉಂಟಾಗಲೂ, ವಾತಾವರಣದಲ್ಲಿ ಸೂಕ್ಷ್ಮ ನೈಟ್ರೇಟ್ ಕಣಗಳು ಹುಟ್ಟಲೂ ಇವೇ ಕಾರಣ.

ಪೆಟ್ರೋಲ್ ಕಾರಿನಲ್ಲಿ ಇಂಧನದ ದಹನಕ್ಕೆ ಬೇಕಾದಷ್ಟೇ ಗಾಳಿ ಇರುವುದರಿಂದ ಒಂದೇ ಕ್ರಿಯಾವರ್ಧಕ ಮೂರು ಬಗೆಯ ಮಲಿನಕಾರಿಗಳನ್ನು ನಿವಾರಿಸಬಲ್ಲದು. ಡೀಸೆಲ್ ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿರುತ್ತದೆ. ಅಲ್ಲಿ ನೈಟ್ರೊಜನ್ ಆಕ್ಸೈಡಿನಿಂದ ಆಕ್ಸಿಜನ್ನನ್ನು ಕಿತ್ತುಕೊಳ್ಳುವುದು ಆ ಕ್ರಿಯಾವರ್ಧಕದಿಂದ ಆಗದು. ಆದ್ದರಿಂದ ಎರಡು ಬೇರೆ ಉಪಾಯಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಬೇರಿಯಂ ಸಂಯುಕ್ತ ಲೇಪಿಸಿದ ಬಲೆ ಇರುತ್ತದೆ. ಅದು ನೈಟ್ರೊಜನ್ ಆಕ್ಸೈಡುಗಳನ್ನು ನೈಟ್ರೇಟ್ ರೂಪದಲ್ಲಿ ಹಿಡಿದಿಡುತ್ತದೆ. ಬಲೆ ತುಂಬಿದಾಗ ಕೆಲವು ಕ್ಷಣ ಹೆಚ್ಚು ಇಂಧನ ಸುರಿದು ಅವನ್ನು ಬಿಡಿಸಿ ನಿರುಪದ್ರವಿ ನೈಟ್ರೊಜನ್ ಆಗಿ ಪರಿವರ್ತಿಸಬೇಕು. ಎರಡನೆಯದರಲ್ಲಿ ಯೂರಿಯಾ ದ್ರಾವಣವನ್ನು ಹೊಗೆಗೆ ಚಿಮುಕಿಸುತ್ತಾರೆ. ಯೂರಿಯಾದಿಂದ ಬರುವ ಅಮೋನಿಯ ನೈಟ್ರೊಜನ್ ಆಕ್ಸೈಡಿನೊಡನೆ ವರ್ತಿಸಿ ನೈಟ್ರೊಜನ್ ಮತ್ತು ನೀರು ಉಂಟಾಗುತ್ತವೆ. ಇವೆರಡರ ಜೊತೆಗೆ, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳುಹಿಸಿ ಜ್ವಾಲೆಯ ತಾಪವನ್ನು ತಗ್ಗಿಸುವ ಕ್ರಮವೂ ಇದೆ.

ಯಾವ ಉಪಾಯವೂ ಪುಕ್ಕಟೆಯಲ್ಲ. ಬಲೆಯನ್ನು ಶುದ್ಧಿಗೊಳಿಸಲು ಇಂಧನ ಖರ್ಚಾಗುತ್ತದೆ. ಯೂರಿಯಾ ತೊಟ್ಟಿಯನ್ನು ಆಗಾಗ ತುಂಬಿಸಬೇಕು. ಹೊಗೆಯನ್ನು ಮರುಬಳಸಿದರೆ ಮಸಿ ಹೆಚ್ಚಾಗಿ ಕಣಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಕಡಿಮೆ ಇಂಧನ, ಕಡಿಮೆ ನಿರ್ವಹಣೆ, ಕಡಿಮೆ ಮಾಲಿನ್ಯ ಈ ಮೂರನ್ನೂ ಒಂದೇ ಬೆಲೆಗೆ ಕೊಡುವುದು ಕಷ್ಟ. ಫೋಕ್ಸ್‌ವ್ಯಾಗನ್ ತಂತ್ರಜ್ಞರು ಈ ಇಕ್ಕಟ್ಟನ್ನು ರಸಾಯನ ವಿಜ್ಞಾನದಿಂದ ಬಿಡಿಸಲಿಲ್ಲ, ತಂತ್ರಾಂಶದಿಂದ ಮರೆಮಾಡಿದರು. ಪರೀಕ್ಷಾಲಯದಲ್ಲಿ ಕಾರಿನ ಗಾಲಿಗಳು ಉರುಳೆಯ ಮೇಲೆ ತಿರುಗುತ್ತವೆ, ಸ್ಟೀರಿಂಗ್ ಚಕ್ರ ಅಲುಗುವುದಿಲ್ಲ. ಸ್ಟೀರಿಂಗಿನ ಸ್ಥಾನ, ವೇಗ, ಎಂಜಿನ್ ಓಡಿದ ಅವಧಿ, ವಾಯುಭಾರ ಇವುಗಳಿಂದ ತಂತ್ರಾಂಶವು ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸುತ್ತಿತ್ತು. ಆಗ ಮಾತ್ರ ಎಲ್ಲ ನಿಯಂತ್ರಣಗಳೂ ಪೂರ್ಣವಾಗಿ ಕೆಲಸ ಮಾಡುತ್ತಿದ್ದವು. ರಸ್ತೆಗೆ ಇಳಿದೊಡನೆ ಅವು ಸಡಿಲಗೊಳ್ಳುತ್ತಿದ್ದವು.

ರಸ್ತೆಯಲ್ಲಿ ಸಿಕ್ಕ ಉತ್ತರ

ಇದನ್ನು ಹೊರಗೆಡಹಿದ್ದು ಸಣ್ಣ ಮೊತ್ತದ ಒಂದು ವಿಶ್ವವಿದ್ಯಾನಿಲಯ ಸಂಶೋಧನೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಲಿಯೊಂದು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ತಂಡಕ್ಕೆ ಈ ಕೆಲಸ ವಹಿಸಿತು. ಡೇನಿಯಲ್ ಕಾರ್ಡರ್ ಅವರ ಮುಂದಾಳತ್ವದ ಈ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಸಂಶೋಧನ ವಿದ್ಯಾರ್ಥಿಯಾಗಿದ್ದರು. ಅಳೆಯುವ ಉಪಕರಣಗಳನ್ನು ಕಾರಿನ ಹಿಂಭಾಗದಲ್ಲೇ ಕಟ್ಟಿಕೊಂಡು 2013ರಲ್ಲಿ ಕ್ಯಾಲಿಫೋರ್ನಿಯದ ರಸ್ತೆಗಳಲ್ಲಿ ಓಡಿಸಿದರು. ಒಂದು ಕಾರು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಹೋಗಿಬಂತು. 2014ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. ಬೇರಿಯಂ ಬಲೆಯಿದ್ದ ಜೆಟ್ಟಾ ಕಾರು ಮಿತಿಯ 15ರಿಂದ 35 ಪಟ್ಟು, ಯೂರಿಯಾ ಬಳಸುವ ಪಸ್ಸಾಟ್ ಕಾರು 5ರಿಂದ 20 ಪಟ್ಟು ನೈಟ್ರೊಜನ್ ಆಕ್ಸೈಡುಗಳನ್ನು ಉಗುಳುತ್ತಿತ್ತು. ಬೇರೊಂದು ಸಂಸ್ಥೆಯ ಮೂರನೆಯ ಕಾರು ಬಹುತೇಕ ಸಂದರ್ಭಗಳಲ್ಲಿ ಮಿತಿಯೊಳಗೇ ಇತ್ತು. ಎಂದರೆ ಮಿತಿಯನ್ನು ಪಾಲಿಸುವುದು ಅಸಾಧ್ಯವಾಗಿರಲಿಲ್ಲ.

ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಲಿ ಮತ್ತು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆ ಒಂದು ವರ್ಷಕ್ಕೂ ಮಿಕ್ಕಿ ಪ್ರಶ್ನೆಗಳನ್ನು ಕೇಳಿದ ಮೇಲೆ ಸಂಸ್ಥೆ ಸತ್ಯ ಒಪ್ಪಿಕೊಂಡಿತು. 2015ರ ಸೆಪ್ಟೆಂಬರ್ 18ರಂದು ನಿಯಮಭಂಗದ ನೋಟಿಸು ಹೊರಟಿತು. ಕೆಲವು ಸಂದರ್ಭಗಳಲ್ಲಿ ಮಿತಿಯ 40 ಪಟ್ಟಿನವರೆಗೂ ಮಾಲಿನ್ಯ ಇದೆ ಎಂದು ಅದರಲ್ಲಿ ಹೇಳಲಾಗಿತ್ತು. ಅಮೆರಿಕದಲ್ಲಿ 2 ಲೀಟರ್ ಎಂಜಿನ್ನಿನ ಸುಮಾರು 4.8 ಲಕ್ಷ ಕಾರುಗಳು, 3 ಲೀಟರ್ ಎಂಜಿನ್ನಿನ ಸುಮಾರು 80 ಸಾವಿರ ಕಾರುಗಳು ಇದಕ್ಕೆ ಒಳಪಟ್ಟಿದ್ದವು. ಜಗತ್ತಿನಾದ್ಯಂತ ಈ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ.

ಒಪ್ಪಂದದ ಚೌಕಟ್ಟು

2 ಲೀಟರ್ ಕಾರುಗಳ ಬಗೆಗಿನ ಒಪ್ಪಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ 2016ರ ಅಕ್ಟೋಬರ್ 25ರಂದು ಒಪ್ಪಿಗೆ ಕೊಟ್ಟರು. ಒಟ್ಟು ಮೊತ್ತ ಸುಮಾರು 1,470 ಕೋಟಿ ಡಾಲರ್. ಇದರಲ್ಲಿ 1,000 ಕೋಟಿ ಡಾಲರಿನಷ್ಟು ಕಾರುಗಳ ಮರುಖರೀದಿಗೂ ಮಾಲೀಕರ ಪರಿಹಾರಕ್ಕೂ ಮೀಸಲು. ವಾಯುಮಾಲಿನ್ಯದ ಹಾನಿಯನ್ನು ತುಂಬಿಕೊಡುವ ನಿಧಿಗೆ 270 ಕೋಟಿ, ವಿದ್ಯುತ್ ವಾಹನಗಳ ಸೌಕರ್ಯಕ್ಕೆ 200 ಕೋಟಿ ಡಾಲರ್.

ಮಾಲೀಕರ ಮುಂದೆ ಎರಡು ದಾರಿಗಳಿದ್ದವು. ವಂಚನೆ ಬಯಲಾಗುವ ಮುನ್ನ ಕಾರಿಗೆ ಇದ್ದ ಬೆಲೆಯನ್ನು ಪಡೆದು ಕಾರನ್ನು ಒಪ್ಪಿಸಬಹುದು. ಇಲ್ಲವೇ ಸರ್ಕಾರ ಒಪ್ಪಿದ ದುರಸ್ತಿ ಸಿದ್ಧವಾದ ಮೇಲೆ ಅದನ್ನು ಮಾಡಿಸಿಕೊಂಡು ಕಾರನ್ನು ಇಟ್ಟುಕೊಳ್ಳಬಹುದು. ಎರಡರಲ್ಲೂ ಸಾವಿರಾರು ಡಾಲರುಗಳ ಹೆಚ್ಚುವರಿ ಪರಿಹಾರ ಸಿಗುತ್ತಿತ್ತು. 2020ರ ಜುಲೈನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಕೊಟ್ಟ ಅಂತಿಮ ವರದಿಯ ಪ್ರಕಾರ ಗ್ರಾಹಕರಿಗೆ 950 ಕೋಟಿಗೂ ಹೆಚ್ಚು ಡಾಲರ್ ಸಂದಿತ್ತು. ದುರಸ್ತಿಯ ಬದಲು ಕಾರನ್ನು ಹಿಂದಿರುಗಿಸುವ ದಾರಿ ಹಿಡಿದವರು ಶೇಕಡ 86ಕ್ಕೂ ಹೆಚ್ಚು.

ಸಂಸ್ಥೆಗೆ ಹಾಕಿದ ಗುರಿ ಹೀಗಿತ್ತು: 2019ರ ಜೂನ್ 30ರೊಳಗೆ ಶೇಕಡ 85ರಷ್ಟು ಕಾರುಗಳನ್ನು ರಸ್ತೆಯಿಂದ ತೆಗೆಯಬೇಕು ಅಥವಾ ದುರಸ್ತಿ ಮಾಡಬೇಕು. ಕಡಿಮೆಯಾದ ಪ್ರತಿ ಶೇಕಡ ಒಂದಕ್ಕೆ ಪರಿಹಾರ ನಿಧಿಗೆ 8.5 ಕೋಟಿ ಡಾಲರ್ ಹೆಚ್ಚಾಗಿ ಕಟ್ಟಬೇಕು. ಅವಧಿಗೆ ಮುಂಚೆಯೇ ಈ ಗುರಿ ಮುಟ್ಟಿತು. ಇನ್ನೊಂದು ಷರತ್ತು ನಮ್ಮ ವಿಷಯಕ್ಕೆ ಮುಖ್ಯ. ಮರಳಿ ಕೊಂಡ ಕಾರನ್ನು ಒಪ್ಪಿತ ದುರಸ್ತಿ ಮಾಡದೆ ಮತ್ತೆ ಮಾರುವಂತಿಲ್ಲ, ಬೇರೆ ದೇಶಕ್ಕೆ ರಫ್ತು ಮಾಡುವಂತೆಯೂ ಇಲ್ಲ. ದುರಸ್ತಿಯಾಗದ್ದು ಗುಜರಿಗೇ ಹೋಗಬೇಕು.

ಈ ರಫ್ತು ನಿಷೇಧವನ್ನು ಒಪ್ಪಂದದ ಅತ್ಯುತ್ತಮ ಅಂಶವೆಂದು ಕರೆಯಬೇಕು. ಶ್ರೀಮಂತ ದೇಶದಲ್ಲಿ ಮಿತಿ ಮೀರಿದ ಯಂತ್ರ, ಮಿತಿ ಸಡಿಲವಾಗಿರುವ ಬಡ ದೇಶಕ್ಕೆ ಹಡಗೇರುವುದು ಹಳೆಯ ವಾಡಿಕೆ. ಹಳೆಯ ಕಾರು, ಹಳೆಯ ಟಯರು, ಹಳೆಯ ಕಂಪ್ಯೂಟರು ಎಲ್ಲದರ ಕಥೆಯೂ ಅದೇ. ಇಲ್ಲಿ ಆ ಬಾಗಿಲನ್ನು ಬರವಣಿಗೆಯಲ್ಲೇ ಮುಚ್ಚಿದರು.

ಕ್ರೀಡಾಂಗಣದಲ್ಲಿ, ಮರುಭೂಮಿಯಲ್ಲಿ

ಮರುಖರೀದಿ ವೇಗವಾಗಿ ನಡೆಯಿತು, ದುರಸ್ತಿಗೆ ಒಪ್ಪಿಗೆ ನಿಧಾನವಾಗಿ ಬಂತು. ಎರಡರ ನಡುವಿನ ಅಂತರದಲ್ಲಿ ಕಾರುಗಳು ರಾಶಿ ಬಿದ್ದವು. 2018ರ ಮಾರ್ಚ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ನ್ಯಾಯಾಲಯದ ಕಡತಗಳನ್ನು ಆಧರಿಸಿ ಲೆಕ್ಕ ಕೊಟ್ಟಿತು. 2017ರ ಕೊನೆಯ ಹೊತ್ತಿಗೆ ಸಂಸ್ಥೆ ಕೊಂಡದ್ದು ಸುಮಾರು 3,35,000 ಕಾರುಗಳು. ಮತ್ತೆ ಮಾರಿದ್ದು 13,000, ನಾಶಪಡಿಸಿದ್ದು ಸುಮಾರು 28,000. ಉಳಿದ 2,94,000 ಕಾರುಗಳು ದೇಶದ 37 ತಾಣಗಳಲ್ಲಿ ನಿಂತಿದ್ದವು. ಡೆಟ್ರಾಯಿಟ್ ಬಳಿಯ ಪಾಂಟಿಯಾಕ್ ಊರಿನ ಮುಚ್ಚಿದ ಫುಟ್‌ಬಾಲ್ ಕ್ರೀಡಾಂಗಣ ಒಂದು ತಾಣ. ಮಿನ್ನೆಸೋಟದ ಹಳೆಯ ಕಾಗದದ ಕಾರ್ಖಾನೆ ಇನ್ನೊಂದು. ಕ್ಯಾಲಿಫೋರ್ನಿಯದ ವಿಕ್ಟರ್‌ವಿಲ್ ಬಳಿ ಮರುಭೂಮಿಯಲ್ಲಿ 134 ಎಕರೆಯಷ್ಟು ಜಾಗ ಮತ್ತೊಂದು. ಒಂದು ಕಾರಿಗೆ 4.6 ಮೀಟರ್ ಉದ್ದ ಎಂದುಕೊಂಡರೆ, ಇಷ್ಟೂ ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಾಗ ಸಾಲು 1,350 ಕಿಲೋಮೀಟರ್ ಮೀರುತ್ತದೆ.

ಮರುಭೂಮಿಯ ಆಯ್ಕೆಗೆ ವೈಜ್ಞಾನಿಕ ಕಾರಣವಿದೆ. ಕಬ್ಬಿಣ ತುಕ್ಕು ಹಿಡಿಯಲು ಆಕ್ಸಿಜನ್ನಿನ ಜೊತೆ ತೇವ ಬೇಕು. ಒಣಗಾಳಿಯಲ್ಲಿ ತುಕ್ಕು ನಿಧಾನ. ವಿಕ್ಟರ್‌ವಿಲ್ ವಿಮಾನ ನಿಲ್ದಾಣದಲ್ಲಿ ಸೇವೆಯಿಂದ ತೆಗೆದ ವಿಮಾನಗಳನ್ನು ನಿಲ್ಲಿಸುವುದೂ ಇದೇ ಕಾರಣಕ್ಕೆ. ಆದರೆ ಲೋಹಕ್ಕೆ ಒಳ್ಳೆಯದಾದ ಬಿಸಿಲು ರಬ್ಬರಿಗೆ ಒಳ್ಳೆಯದಲ್ಲ. ಅತಿನೇರಳೆ ಕಿರಣ ಮತ್ತು ಓಝೋನ್ ರಬ್ಬರಿನ ದೀರ್ಘ ಸರಪಣಿಗಳನ್ನು ಕಡಿದು ಬಿರುಕು ಮೂಡಿಸುತ್ತವೆ. ಒಂದೇ ಭಂಗಿಯಲ್ಲಿ ನಿಂತ ಟಯರು ಚಪ್ಪಟೆಯಾಗುತ್ತದೆ. ಬ್ಯಾಟರಿ ತಾನಾಗಿ ಇಳಿದು ಅದರ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ತೊಟ್ಟಿಯಲ್ಲಿ ಉಳಿದ ಡೀಸೆಲ್ ಹಳಸುತ್ತದೆ. ನಿಲ್ಲಿಸಿದ ಕಾರನ್ನು ಸುಸ್ಥಿತಿಯಲ್ಲಿಡಲು ಆಗಾಗ ಚಾಲೂ ಮಾಡಬೇಕು, ಬ್ಯಾಟರಿ ತುಂಬಬೇಕು. ಕಾರುಗಳನ್ನು ತಾತ್ಕಾಲಿಕವಾಗಿ ಇಟ್ಟಿದ್ದೇವೆ, ಕ್ರಮವಾಗಿ ನೋಡಿಕೊಳ್ಳುತ್ತಿದ್ದೇವೆ, ದುರಸ್ತಿಗೆ ಒಪ್ಪಿಗೆ ಸಿಕ್ಕಾಗ ಮಾರುತ್ತೇವೆ ಇಲ್ಲವೇ ರಫ್ತು ಮಾಡುತ್ತೇವೆ ಎಂಬುದು ಸಂಸ್ಥೆಯ ಉತ್ತರವಾಗಿತ್ತು.

ಈ ದೃಶ್ಯವನ್ನು ಕಂಡು ಅನೇಕರು ಇದೆಂಥ ದುಂದುವೆಚ್ಚ ಎಂದರು. ಆ ಟೀಕೆ ಪೂರ್ತಿ ನ್ಯಾಯವಲ್ಲ. ನಿಂತ ಕಾರು ಹೊಗೆಯುಗುಳುವುದಿಲ್ಲ. ದುರಸ್ತಿಯ ಗುಣ ಸಾಬೀತಾಗುವವರೆಗೆ ಕಾರನ್ನು ಕಟ್ಟಿಹಾಕುವುದು, ರೋಗ ಖಚಿತವಾಗುವವರೆಗೆ ದನವನ್ನು ಹಿಂಡಿನಿಂದ ಬೇರೆ ಕಟ್ಟಿದ ಹಾಗೆ. ಟೀಕೆಗೆ ಅರ್ಹವಾದದ್ದು ಬೇರೆ ಕಡೆ ಇದೆ.

ದುರಸ್ತಿ ಎಂದರೆ ಎಷ್ಟು?

2 ಲೀಟರ್ ಕಾರುಗಳಲ್ಲಿ ಮೂರು ಪೀಳಿಗೆಗಳಿದ್ದವು. ಬೇರಿಯಂ ಬಲೆಯ ಮೊದಲ ಪೀಳಿಗೆಯವು ಸುಮಾರು 3,25,000. ಯೂರಿಯಾ ಬಳಸುವ ಪಸ್ಸಾಟ್ ಕಾರುಗಳು ಸುಮಾರು 90,000. 2015ರ ಮಾದರಿಯ ಹೊಸ ಎಂಜಿನ್ನಿನವು ಸುಮಾರು 67,000. ಹೊಸ ಪೀಳಿಗೆಗೆ 2017ರ ಜನವರಿಯಲ್ಲೇ ದುರಸ್ತಿಯ ಒಪ್ಪಿಗೆ ಸಿಕ್ಕಿತು, ಅವು ಮತ್ತೆ ಮಾರಾಟಕ್ಕೆ ಬಂದವು. ಅತಿ ಹೆಚ್ಚು ಸಂಖ್ಯೆಯ ಮೊದಲ ಪೀಳಿಗೆಗೆ ಒಪ್ಪಿಗೆ ಸಿಕ್ಕಿದ್ದು 2017ರ ಜುಲೈನಲ್ಲಿ.

ಬೇರಿಯಂ ಬಲೆಯ ಕಾರನ್ನು ಮೂಲ ಮಿತಿಗೆ ತರಲು ಆಗಲಿಲ್ಲ. ಬಲೆಯನ್ನು ಪದೇಪದೇ ಶುದ್ಧಿಗೊಳಿಸಿದರೆ ಇಂಧನ ಹೆಚ್ಚು ಖರ್ಚಾಗಿ ಇತರ ಭಾಗಗಳು ಬೇಗ ಸವೆಯುತ್ತವೆ. ಆದ್ದರಿಂದ ಒಪ್ಪಂದವು ದುರಸ್ತಿಯಾದ ಕಾರುಗಳಿಗೆ ಮೂಲಕ್ಕಿಂತ ಸಡಿಲವಾದ ಮಿತಿಯನ್ನು ಒಪ್ಪಿಕೊಂಡಿತು. ನೈಟ್ರೊಜನ್ ಆಕ್ಸೈಡುಗಳು ಶೇಕಡ 80ರಿಂದ 90ರಷ್ಟು ಕಡಿಮೆಯಾಗುತ್ತವೆ ಎಂಬುದು ಅಧಿಕಾರಿಗಳ ಸಮರ್ಥನೆ.

ಶೇಕಡ 90 ಎಂದಾಗ ನಮಗೆ ಸಮಾಧಾನವಾಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಲೇಖನಿ ಹಿಡಿಯಬೇಕು. ಮೂಲ ಮಿತಿ ಮೈಲಿಗೆ 0.07 ಗ್ರಾಂ, ಎಂದರೆ ಕಿಲೋಮೀಟರಿಗೆ ಸುಮಾರು 0.043 ಗ್ರಾಂ. ವರ್ಷಕ್ಕೆ 20,000 ಕಿಲೋಮೀಟರ್ ಓಡುವ ಪ್ರಾಮಾಣಿಕ ಕಾರು ಹೊರಬಿಡಬಹುದಾದದ್ದು ಸುಮಾರು 0.87 ಕಿಲೋಗ್ರಾಂ. ಮಿತಿಯ 20 ಪಟ್ಟು ಉಗುಳುವ ಕಾರು ವರ್ಷಕ್ಕೆ ಸುಮಾರು 17.4 ಕಿಲೋಗ್ರಾಂ ಹೊರಬಿಡುತ್ತದೆ. ಇದನ್ನು ಶೇಕಡ 90 ತಗ್ಗಿಸಿದರೆ ಉಳಿಯುವುದು 1.74 ಕಿಲೋಗ್ರಾಂ, ಅದು ಮೂಲ ಮಿತಿಯ ಎರಡು ಪಟ್ಟು. ಶೇಕಡ 80 ತಗ್ಗಿಸಿದರೆ ಉಳಿಯುವುದು ಸುಮಾರು 3.5 ಕಿಲೋಗ್ರಾಂ, ಅದು ನಾಲ್ಕು ಪಟ್ಟು. ಮಾಲಿನ್ಯ ಬಹಳ ತಗ್ಗಿತು ಎಂಬುದೂ ನಿಜ, ಮಿತಿ ಈಗಲೂ ಮೀರಿದೆ ಎಂಬುದೂ ನಿಜ. ಎಲ್ಲಿಂದ ಅಳೆಯಲು ಆರಂಭಿಸಿದೆವು ಎಂಬುದರ ಮೇಲೆ ಉತ್ತರ ನಿಂತಿದೆ. ವಂಚನೆಯ ಮಟ್ಟವನ್ನೇ ಆರಂಭಬಿಂದು ಮಾಡಿಕೊಂಡರೆ ವಂಚಕನ ಸಾಧನೆ ದೊಡ್ಡದಾಗಿ ಕಾಣುತ್ತದೆ.

ಒಪ್ಪಂದದ ಮೊದಲ ದೋಷ ಇದು. ಗುರಿಯನ್ನು ಕಾರುಗಳ ಸಂಖ್ಯೆಯಲ್ಲಿ ಹಾಕಲಾಯಿತು, ಗ್ರಾಂ ಲೆಕ್ಕದಲ್ಲಲ್ಲ. ಗುಜರಿಗೆ ಹೋದ ಕಾರೂ ಒಂದು, ಎರಡು ಪಟ್ಟು ಉಗುಳುತ್ತ ಓಡಾಡುವ ದುರಸ್ತಿಯಾದ ಕಾರೂ ಒಂದು. ಶೇಕಡ 85ರ ಎಣಿಕೆಯಲ್ಲಿ ಎರಡಕ್ಕೂ ಒಂದೇ ಅಂಕ. ಮುಟ್ಟದೆ ಉಳಿದ ಶೇಕಡ 15ರಷ್ಟು ಕಾರುಗಳಿಗೆ ಅಂಕವೂ ಇಲ್ಲ, ದಂಡವೂ ಇಲ್ಲ. 4.8 ಲಕ್ಷದಲ್ಲಿ ಶೇಕಡ 15 ಎಂದರೆ 72,000 ಕಾರುಗಳು. ಅಷ್ಟೂ ಕಾರುಗಳು ದುರಸ್ತಿಯಿಲ್ಲದೆ ಓಡಾಡಿದರೂ ಗುರಿ ಮುಟ್ಟಿದಂತೆಯೇ.

3 ಲೀಟರ್ ಕಾರುಗಳ ಎರಡನೆಯ ಒಪ್ಪಂದ ಇದಕ್ಕಿಂತ ಬಿಗಿಯಾಗಿತ್ತು. ಅಲ್ಲಿ ಹೊಸ ಪೀಳಿಗೆಯ ಕಾರುಗಳನ್ನು ಮೂಲ ಮಿತಿಗೇ ತರಬೇಕು, ತರಲಾಗದಿದ್ದರೆ ಕೊಂಡುಕೊಳ್ಳಬೇಕು ಎಂದಿತ್ತು. ಬಿಗಿಯಾದ ಷರತ್ತು ಬರೆಯುವುದು ಸಾಧ್ಯವಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಗುಜರಿಯ ರಸಾಯನ

ಗುಜರಿಗೆ ಹೋದ ಕಾರಿನ ಹಾದಿಯನ್ನೂ ನೋಡಬೇಕು. ಮೊದಲು ಎಣ್ಣೆ, ಶೀತಕ, ಬ್ರೇಕ್ ದ್ರವ, ಹವಾನಿಯಂತ್ರಕದ ಅನಿಲ ಇವನ್ನು ಹೊರತೆಗೆಯುತ್ತಾರೆ. ಬ್ಯಾಟರಿ ಮತ್ತು ಏರ್‌ಬ್ಯಾಗುಗಳನ್ನು ಬಿಚ್ಚುತ್ತಾರೆ. ಕ್ರಿಯಾವರ್ಧಕದಲ್ಲಿ ಪ್ಲಾಟಿನಂ ಗುಂಪಿನ ಬೆಲೆಬಾಳುವ ಲೋಹಗಳಿರುವುದರಿಂದ ಅದಕ್ಕೆ ಪ್ರತ್ಯೇಕ ಮಾರುಕಟ್ಟೆಯಿದೆ. ಉಳಿದ ಒಡಲು ದೊಡ್ಡ ಕತ್ತರಿಯಂತ್ರದಲ್ಲಿ ಚೂರಾಗುತ್ತದೆ. ಕಬ್ಬಿಣವನ್ನು ಅಯಸ್ಕಾಂತದಿಂದ ಆರಿಸುತ್ತಾರೆ. ಅಲ್ಯೂಮಿನಿಯಮಿಗೆ ಬೇರೆ ಉಪಾಯ: ಬದಲಾಗುವ ಕಾಂತಕ್ಷೇತ್ರದಲ್ಲಿ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ಚೂರುಗಳು ದೂರ ಚಿಮ್ಮುತ್ತವೆ. ಕೊನೆಗೆ ಪ್ಲಾಸ್ಟಿಕ್, ರಬ್ಬರ್, ಗಾಜು, ಬಟ್ಟೆಗಳ ಮಿಶ್ರಣವೊಂದು ಉಳಿಯುತ್ತದೆ. ಅದನ್ನು ಬೇರ್ಪಡಿಸುವುದು ಕಷ್ಟ, ಬಹಳ ಕಡೆ ಅದು ನೆಲಭರ್ತಿಗೆ ಹೋಗುತ್ತದೆ. ಯೂರೋಪಿನ ಒಕ್ಕೂಟದ 2000ನೇ ಇಸವಿಯ ನಿರ್ದೇಶನದ ಪ್ರಕಾರ 2015ರಿಂದ ಹಳೆಯ ಕಾರಿನ ತೂಕದಲ್ಲಿ ಕನಿಷ್ಠ ಶೇಕಡ 85 ಮರುಬಳಕೆಯಾಗಬೇಕು. ಶಕ್ತಿ ಉತ್ಪಾದನೆಗೆ ಸುಡುವುದನ್ನೂ ಸೇರಿಸಿದರೆ ಶೇಕಡ 95 ಬಳಕೆಯಾಗಬೇಕು.

ಒಂದು ಕಾರಿಗೆ ಸರಾಸರಿ 1.45 ಟನ್ ಎಂದು ಹಿಡಿದರೆ, 2017ರ ಕೊನೆಯಲ್ಲಿ ನಿಂತಿದ್ದ ಕಾರುಗಳ ತೂಕ 4 ಲಕ್ಷ 26 ಸಾವಿರ ಟನ್. ಇದರ ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಅದಿರಿನಿಂದ ಕಾರಿನವರೆಗೆ ಖರ್ಚಾದ ಶಕ್ತಿಯ ಬಹುಪಾಲು ಮರಳಿ ಬರುವುದಿಲ್ಲ. ಇನ್ನೂ ಹತ್ತು ವರ್ಷ ಓಡಬಹುದಾದ ಕಾರನ್ನು ಚೂರು ಮಾಡಿ, ಅದರ ಜಾಗಕ್ಕೆ ಹೊಸ ಕಾರು ತಯಾರಿಸುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಹಲವು ಟನ್. ನಗರದ ಗಾಳಿಯನ್ನು ಉಳಿಸುವ ಕ್ರಮ ಭೂಮಿಯ ಹವಾಮಾನದ ಮೇಲೆ ಸ್ವಲ್ಪ ಹೊರೆ ಹಾಕುತ್ತದೆ.

ಹಾಗಾದರೆ ಗುಜರಿಗೆ ಹಾಕಿದ್ದು ತಪ್ಪೇ? ಹಾಗೆನ್ನಲಾಗದು. ನೈಟ್ರೊಜನ್ ಆಕ್ಸೈಡಿನ ಹಾನಿ ಹತ್ತಿರದವರಿಗೆ, ಇಂದೇ ಆಗುವಂಥದು. ಕಾರ್ಬನ್ ಡೈಆಕ್ಸೈಡಿನ ಹಾನಿ ಎಲ್ಲರಿಗೆ, ನಿಧಾನವಾಗಿ ಆಗುವಂಥದು. ಎರಡನ್ನೂ ಒಂದೇ ತಟ್ಟೆಯಲ್ಲಿ ತೂಗುವ ಸರಳ ಅಳತೆ ಇಲ್ಲ. ಆದರೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಪರಿಹಾರ ಅಪೂರ್ಣ. ಹಣ ಪಡೆದ ಮಾಲೀಕ ಮುಂದೆ ಯಾವ ವಾಹನ ಕೊಳ್ಳಬೇಕು ಎಂಬ ಬಗ್ಗೆ ಒಪ್ಪಂದ ಏನೂ ಹೇಳಲಿಲ್ಲ. ಅವನು ಸಣ್ಣ ಕಾರು ಕೊಂಡನೋ, ಹೆಚ್ಚು ಇಂಧನ ಕುಡಿಯುವ ದೊಡ್ಡ ವಾಹನ ಕೊಂಡನೋ ಎಂಬುದರ ಮೇಲೆ ಪರಿಸರದ ಲಾಭನಷ್ಟ ನಿಂತಿತ್ತು.

ಉಸಿರಾಡಿದವರಿಗೆ ಏನು ಸಿಕ್ಕಿತು?

ಕಾರು ಕೊಂಡವನು ಮೋಸ ಹೋದ, ಅವನಿಗೆ ಹಣ ಬಂತು. ಹೆದ್ದಾರಿಯ ಪಕ್ಕದ ಮನೆಯ ಮಗು ಕಾರು ಕೊಂಡಿರಲಿಲ್ಲ, ಉಸಿರು ಮಾತ್ರ ಎಳೆದುಕೊಂಡಿತ್ತು. 2015ರಲ್ಲೇ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಅಂದಾಜು ಪ್ರಕಟಿಸಿದರು. 2008ರಿಂದ 2015ರವರೆಗೆ ಅಮೆರಿಕದಲ್ಲಿ ಈ ಕಾರುಗಳು ಮಿತಿ ಮೀರಿ ಹೊರಬಿಟ್ಟ ನೈಟ್ರೊಜನ್ ಆಕ್ಸೈಡುಗಳು 3 ಕೋಟಿ 67 ಲಕ್ಷ ಕಿಲೋಗ್ರಾಂ. ಇದರಿಂದ ಸುಮಾರು 59 ಮಂದಿ ಅಕಾಲದಲ್ಲಿ ಸತ್ತಿರಬಹುದು, ಅಂದಾಜಿನ ವ್ಯಾಪ್ತಿ 10ರಿಂದ 150. ಎಲ್ಲ ಕಾರುಗಳೂ 2016ರ ಕೊನೆಯೊಳಗೆ ಮಿತಿಗೆ ಮರಳಿದರೆ ಮುಂದಿನ ಸುಮಾರು 130 ಅಕಾಲ ಮರಣಗಳು ತಪ್ಪುತ್ತವೆ.

ಈ 59 ಮಂದಿ ಯಾರು ಎಂದು ಯಾರೂ ಹೆಸರಿಸಲಾರರು. ಅದು ಸಂಖ್ಯಾಶಾಸ್ತ್ರದ ಮಾದರಿಯಿಂದ ಬಂದ ಅಂಕಿ. ಹೆಸರಿಲ್ಲದ ನಷ್ಟಕ್ಕೆ ನ್ಯಾಯಾಲಯದಲ್ಲಿ ಪರಿಹಾರ ಬೇಡುವವರೂ ಇಲ್ಲ. ಒಪ್ಪಂದದ 270 ಕೋಟಿ ಡಾಲರಿನ ನಿಧಿ ಈ ಕೊರತೆಯನ್ನು ತುಂಬಲು ಹೊರಟಿತು. ಪ್ರತಿ ರಾಜ್ಯದಲ್ಲಿ ನೋಂದಣಿಯಾಗಿದ್ದ ಇಂಥ ಕಾರುಗಳ ಪ್ರಮಾಣಕ್ಕೆ ತಕ್ಕಂತೆ ಹಣ ಹಂಚಿಕೆಯಾಯಿತು. ಹಳೆಯ ಡೀಸೆಲ್ ಲಾರಿ, ಶಾಲಾ ಬಸ್ಸು, ದೋಣಿಗಳ ಎಂಜಿನ್ನುಗಳನ್ನು ಬದಲಾಯಿಸಲು ಅದನ್ನು ಬಳಸಬಹುದಿತ್ತು. ಇಲ್ಲಿ ಒಂದು ಷರತ್ತು ಗಮನಾರ್ಹ. ಬದಲಾಯಿಸಿದ ಹಳೆಯ ಎಂಜಿನ್ನಿನ ಒಡಲಿಗೆ ಮೂರು ಅಂಗುಲದ ತೂತು ಕೊರೆಯಬೇಕು, ಹಳೆಯ ವಾಹನದ ಚೌಕಟ್ಟನ್ನು ಕತ್ತರಿಸಬೇಕು. ಎಂಜಿನ್ ಮತ್ತೆಲ್ಲೋ ಹುಟ್ಟಿಬರದಂತೆ ಮಾಡುವ ಸರಳ, ಖಚಿತ ಉಪಾಯ ಇದು.

ಆರೋಗ್ಯ ಹಾನಿಯ ಬೆಲೆಯನ್ನು ಅದೇ ಸಂಶೋಧಕರು ಸುಮಾರು 45 ಕೋಟಿ ಡಾಲರ್ ಎಂದು ಕಟ್ಟಿದ್ದರು. ಒಪ್ಪಂದದ ಮೊತ್ತ ಅದರ 30 ಪಟ್ಟಿಗಿಂತ ಹೆಚ್ಚು. ಶಿಕ್ಷೆ ಅತಿಯಾಯಿತು ಎಂದು ವಾದಿಸಬಹುದು. ಆದರೆ ಅದರ ಬಹುಪಾಲು ಕಾರಿನ ಬೆಲೆಯಾಗಿ ಮಾಲೀಕರಿಗೆ ಹೋಯಿತು ಎಂಬುದನ್ನು ಮರೆಯಬಾರದು. ಮೇಲಾಗಿ ಇಲ್ಲಿ ಕೆಟ್ಟದ್ದು ಗಾಳಿಯೊಂದೇ ಅಲ್ಲ, ಅಳತೆಯ ಮೇಲಿನ ನಂಬಿಕೆಯೂ ಕೆಟ್ಟಿತು. ಪರೀಕ್ಷೆಯನ್ನು ಗುರುತಿಸಿ ನಡತೆ ಬದಲಿಸುವ ಯಂತ್ರ ಇರುವಲ್ಲಿ ಯಾವ ಮಾನಕಕ್ಕೂ ಅರ್ಥವಿಲ್ಲ.

ಬೇರೆ ನೆಲ, ಬೇರೆ ನ್ಯಾಯ

ಅಮೆರಿಕದಲ್ಲಿ ಕಾರನ್ನು ಕೊಂಡುಕೊಂಡ ಸಂಸ್ಥೆ, ಕೋಟಿಗೆ ಸಮೀಪದ ಕಾರುಗಳಿದ್ದ ಯೂರೋಪಿನಲ್ಲಿ ಹಾಗೆ ಮಾಡಲಿಲ್ಲ. ಅಲ್ಲಿ ತಂತ್ರಾಂಶ ಬದಲಾಯಿಸಿದರು. 1.6 ಲೀಟರ್ ಎಂಜಿನ್ನುಗಳಿಗೆ ಗಾಳಿಯ ಹರಿವನ್ನು ಸರಿಪಡಿಸುವ ಜಾಲರಿಯ ಕೊಳವೆಯೊಂದನ್ನು ಸೇರಿಸಿದರು. 2020ರ ಮೇ 25ರಂದು ಜರ್ಮನಿಯ ಅತ್ಯುಚ್ಚ ನ್ಯಾಯಾಲಯ ಒಬ್ಬ ಮಾಲೀಕನಿಗೆ ಕಾರು ಒಪ್ಪಿಸಿ ಹಣ ಪಡೆಯುವ ಹಕ್ಕಿದೆ ಎಂದಿತು. ಆದರೆ ಅಷ್ಟು ದಿನ ಓಡಿಸಿದ್ದಕ್ಕೆ ಹಣ ಕಳೆಯಬೇಕೆಂದೂ ಹೇಳಿತು. ಇನ್ನೂ ಗಂಭೀರ ಸಂಗತಿ 2022ರ ಜುಲೈ 14ರಂದು ಹೊರಬಂತು. ದುರಸ್ತಿಯೆಂದು ಹಾಕಿದ ತಂತ್ರಾಂಶದಲ್ಲಿ ಹೊಗೆಯ ಮರುಬಳಕೆ ಪೂರ್ಣವಾಗಿ ನಡೆಯುತ್ತಿದ್ದದ್ದು ಹೊರಗಿನ ತಾಪ 15ರಿಂದ 33 ಡಿಗ್ರಿ ಸೆಲ್ಸಿಯಸ್ ಇದ್ದಾಗ, 1,000 ಮೀಟರಿಗಿಂತ ಕೆಳಗಿನ ಎತ್ತರದಲ್ಲಿ ಮಾತ್ರ. ಇಂಥ ವ್ಯವಸ್ಥೆಯೂ ತಾತ್ವಿಕವಾಗಿ ನಿಷಿದ್ಧ ಸಾಧನವೇ ಎಂದು ಯೂರೋಪಿನ ನ್ಯಾಯಾಲಯ ತೀರ್ಪಿತ್ತಿತು. ವರ್ಷದ ಬಹುಭಾಗ ಚಳಿಯಿರುವ ದೇಶಗಳಿಗೆ ಹೇಳಿದ ಔಷಧಿ ಬೇಸಿಗೆಯಲ್ಲಿ ಮಾತ್ರ ಕೆಲಸ ಮಾಡುವಂತಿತ್ತು.

ಭಾರತದಲ್ಲಿ ವಾಹನ ಸಂಶೋಧನ ಸಂಸ್ಥೆಯ ಪರೀಕ್ಷೆಯ ನಂತರ 2015ರ ಡಿಸೆಂಬರ್‌ನಲ್ಲಿ 3,23,700 ಕಾರುಗಳನ್ನು ಹಿಂದಕ್ಕೆ ಕರೆಸುವುದಾಗಿ ಸಂಸ್ಥೆ ಪ್ರಕಟಿಸಿತು. ಇಲ್ಲೂ ಮರುಖರೀದಿ ಇರಲಿಲ್ಲ, ತಂತ್ರಾಂಶದ ಬದಲಾವಣೆ ಮಾತ್ರ. ರಸ್ತೆಯ ಮೇಲಿನ ಅಳತೆಯಲ್ಲಿ ಅವು ಭಾರತ್ ಹಂತ 4ರ ಮಿತಿಯ 1.1ರಿಂದ 2.6 ಪಟ್ಟು ಉಗುಳುತ್ತಿದ್ದವು. ಅಮೆರಿಕದಲ್ಲಿ 35 ಪಟ್ಟು, ನಮ್ಮಲ್ಲಿ 2.6 ಪಟ್ಟು ಮಾತ್ರ, ಎಂದರೆ ನಮ್ಮಲ್ಲಿ ಕಡಿಮೆ ಎಂದು ಅನ್ನಿಸುತ್ತದೆ. ಇಲ್ಲೂ ಲೇಖನಿ ಬೇಕು. ಹಂತ 4ರಲ್ಲಿ ಡೀಸೆಲ್ ಕಾರಿಗೆ ಮಿತಿ ಕಿಲೋಮೀಟರಿಗೆ 0.25 ಗ್ರಾಂ. ಅದರ 2.6 ಪಟ್ಟು 0.65 ಗ್ರಾಂ. ಅಮೆರಿಕದ 0.043 ಗ್ರಾಂ ಮಿತಿಗೆ ಹೋಲಿಸಿದರೆ ಇದು ಸುಮಾರು 15 ಪಟ್ಟು. ಶ್ವಾಸಕೋಶಕ್ಕೆ ಗ್ರಾಂ ತಿಳಿಯುತ್ತದೆಯೇ ಹೊರತು ದೇಶದ ಮಿತಿ ತಿಳಿಯುವುದಿಲ್ಲ. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು, ಅದೇ ವರ್ಷ ಸುಪ್ರೀಂ ಕೋರ್ಟು ಬಲವಂತದ ವಸೂಲಿಗೆ ತಡೆ ಕೊಟ್ಟಿತು.

ಒಂದೇ ಸಂಸ್ಥೆ, ಒಂದೇ ಬಗೆಯ ವಂಚನೆ, ಮೂರು ನೆಲಗಳಲ್ಲಿ ಮೂರು ಬಗೆಯ ಪರಿಹಾರ. ವ್ಯತ್ಯಾಸಕ್ಕೆ ಕಾರಣ ರಸಾಯನ ವಿಜ್ಞಾನ ಅಲ್ಲ, ಕಾನೂನಿನ ಬಲ.

ನಮಗೆ ಉಳಿಯುವ ಪಾಠ

ಈ ಪರಿಹಾರದಿಂದ ಕಲಿಯಬೇಕಾದ ಒಳ್ಳೆಯ ಅಂಶಗಳು ಮೂರು. ದುರಸ್ತಿಯಾಗದ ಯಂತ್ರವನ್ನು ರಫ್ತು ಮಾಡಬಾರದು ಎಂಬ ಷರತ್ತು ಮೊದಲನೆಯದು. ನಾಶಪಡಿಸಿದ ಎಂಜಿನ್ ಮತ್ತೆ ಬಳಕೆಗೆ ಬಾರದಂತೆ ತೂತು ಕೊರೆಯುವ ಕ್ರಮ ಎರಡನೆಯದು. ಗುರಿ ತಪ್ಪಿದರೆ ಪ್ರತಿ ಶೇಕಡಕ್ಕೆ ಇಂತಿಷ್ಟು ಎಂದು ಮೊದಲೇ ಬರೆದ ದಂಡ ಮೂರನೆಯದು. ತಿದ್ದಿಕೊಳ್ಳಬೇಕಾದವೂ ಮೂರು. ಗುರಿಯನ್ನು ವಾಹನಗಳ ಎಣಿಕೆಯಲ್ಲಿ ಹಾಕದೆ ಮಲಿನಕಾರಿಯ ತೂಕದಲ್ಲಿ ಹಾಕಬೇಕು. ದುರಸ್ತಿಯಾದ ವಾಹನವನ್ನು ರಸ್ತೆಯ ಮೇಲೆ, ಚಳಿಯಲ್ಲೂ ಬಿಸಿಲಲ್ಲೂ, ವರ್ಷಗಳ ನಂತರವೂ ಅಳೆಯಬೇಕು. ಗುಜರಿಗೆ ಹೋದ ವಸ್ತುವಿನ ಲೆಕ್ಕವನ್ನು ಜನರ ಮುಂದಿಡಬೇಕು.

ಇದು ದೂರದ ದೇಶದ ಮಾತಾಗಿ ಉಳಿದಿಲ್ಲ. ಭಾರತದಲ್ಲಿ 2023ರ ಏಪ್ರಿಲ್‌ನಿಂದ ಹಂತ 6ರ ಕಾರುಗಳು ರಸ್ತೆಯ ಮೇಲಿನ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. 2021ರ ವಾಹನ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರಗಳು ಕಟ್ಟಿಕೊಳ್ಳುತ್ತಿವೆ. ಹಳೆಯ ವಾಹನ ಈ ಕೇಂದ್ರದಲ್ಲಿ ಚೂರಾಗುವುದೋ, ಅದರ ಎಂಜಿನ್ ಪಕ್ಕದ ಜಿಲ್ಲೆಯ ಪಂಪ್‌ಸೆಟ್ಟಿಗೋ ದೋಣಿಗೋ ಸೇರುವುದೋ ಎಂಬುದನ್ನು ಗಮನಿಸುವವರು ಬೇಕು.

ಅಧ್ಯಾಪಕರು ಮೇಲಿನ ಲೆಕ್ಕಗಳನ್ನು ತರಗತಿಯಲ್ಲಿ ಮಾಡಿಸಬಹುದು. ಮಿತಿ, ಪಟ್ಟು, ಶೇಕಡ ಎಂಬ ಮೂರು ಪದಗಳಲ್ಲಿ ಯಾವುದನ್ನು ಯಾವುದರಿಂದ ಅಳೆದಿದ್ದಾರೆ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕು. ವೆಸ್ಟ್ ವರ್ಜೀನಿಯದ ತಂಡ ಯಾರನ್ನೂ ಹಿಡಿಯಲು ಹೊರಟಿರಲಿಲ್ಲ. ಪರೀಕ್ಷಾಲಯದ ಅಂಕಿ ರಸ್ತೆಯ ಮೇಲೂ ನಿಜವೇ ಎಂದು ನೋಡಲು ಹೊರಟಿತ್ತು, ಅಷ್ಟೇ. ಆ ಪ್ರಶ್ನೆಯನ್ನು ದುರಸ್ತಿಗೂ, ಗುಜರಿಗೂ, ಪರಿಹಾರಕ್ಕೂ ಕೇಳುತ್ತಿರಬೇಕು.